ಒಂದು ಕಪಾಟು ಕೊಡಿ: ವಿಜಯಪುರದಿಂದ ಒಂದು ಬಹಿರಂಗ ಪತ್ರ

ವಿಜಯಪುರ ಜಿಲ್ಲೆಯ ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಹಿರಿಯರಿಗೆ, ಹಳ್ಳಿಗಳಲ್ಲಿ ಅರಿವು ಕೇಂದ್ರ (ಪಂಚಾಯಿತಿ ಗ್ರಂಥಾಲಯ) ನೋಡಿಕೊಳ್ಳುವವರಿಗೆ, ಮತ್ತು ನನ್ನ ಹಾಗೆ ಓದುವ ಹುಚ್ಚು ಹಚ್ಚಿಕೊಂಡ ನಮ್ಮ ಊರಿನವರಿಗೆ,

ನಮಸ್ಕಾರ. ಸಣ್ಣ ಪ್ರಕಾಶನಗಳ ಪುಸ್ತಕಗಳಿಗೆ ನಮ್ಮ ಗ್ರಂಥಾಲಯಗಳಲ್ಲಿ ಒಂದು ಕಪಾಟು ಬಿಟ್ಟುಕೊಡಿ ಅಂತ ಕೇಳಲು ಈ ಪತ್ರ.

ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಕಟ್ಟುವ ಕೆಲಸ ಮಾಡುವವಳು. ಗಾಂಧಿ ಚೌಕದ ಹತ್ತಿರದ ಒಂದು ಓಣಿಯಲ್ಲಿ ನಮ್ಮ ಸಣ್ಣ ಪ್ರೆಸ್ಸು ಇದೆ. ಲಗ್ನಪತ್ರಿಕೆ, ವಾಸ್ತುಶಾಂತಿ ಕಾರ್ಡು, ರಸೀದಿ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಚುನಾವಣೆ ಬಂದರೆ ಮತದಾರರ ಚೀಟಿ. ವರ್ಷಕ್ಕೆ ನಾಲ್ಕೈದು ಸಲ ಯಾರಾದರೂ ಕೈಚೀಲದಲ್ಲಿ ನೋಟ್‌ಬುಕ್ ಹಿಡಿದುಕೊಂಡು ಬರುತ್ತಾರೆ. ಅದರಲ್ಲಿ ಕವಿತೆ ಇರುತ್ತವೆ, ಕಥೆ ಇರುತ್ತವೆ. ಅವನ್ನು ಟೈಪ್ ಮಾಡಿ, ಪುಟ ಕಟ್ಟಿ, ಕರಡು ತೆಗೆದು ಕೊಡುವುದು ನನಗೆ ಬಹಳ ಇಷ್ಟದ ಕೆಲಸ.

ನಾಲ್ಕು ವರ್ಷದ ಹಿಂದೆ ಹಾಗೆ ಬಂದವರೊಬ್ಬರು ತಮ್ಮ ಕವಿತೆಗಳ ಜೊತೆ ಬೇರೆ ಯಾರದೋ ಒಂದು ಕಥಾಸಂಕಲನವನ್ನೂ ಮೇಜಿನ ಮೇಲೆ ಇಟ್ಟರು. "ಅಕ್ಕಾರ, ನನ್ನ ಪುಸ್ತಕದ ಒಳಗಿನ ಪುಟ ಹಿಂಗ ಆಗಬೇಕ ನೋಡ್ರಿ" ಅಂದರು. ಅಕ್ಷರದ ಅಳತೆ, ಸಾಲುಗಳ ನಡುವಿನ ಜಾಗ, ಮಾರ್ಜಿನ್ ನೋಡೋಣ ಅಂತ ಪುಸ್ತಕ ಬಿಚ್ಚಿದೆ. ಮೊದಲ ಸಾಲು ಓದಿದೆ, ಎರಡನೆಯದು ಓದಿದೆ, ಅಳತೆ ಮಾಡುವುದು ಮರೆತೇಹೋಯಿತು. ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳ ಕಥೆ ಅದು. ಅವಳು ಮಾತಾಡುವುದು ನಮ್ಮ ಅವ್ವ ಮಾತಾಡುವ ಮಾತು. ಅವಳ ಸಿಟ್ಟು ನಮ್ಮ ಓಣಿಯ ಸಿಟ್ಟು. ಅವತ್ತು ರಾತ್ರಿ ಊಟ ಆದ ಮೇಲೆ ಕೂತವಳು ಇಡೀ ಪುಸ್ತಕ ಮುಗಿಸಿದೆ. ಬರೆದವರ ಹೆಸರು ಅದಕ್ಕೂ ಮುಂಚೆ ಎಲ್ಲೂ ಕೇಳಿರಲಿಲ್ಲ. ಅದು ಅವರ ಮೊದಲ ಪುಸ್ತಕ. ಪ್ರಕಾಶನದ ಹೆಸರೂ ಹೊಸದು.

ಮಾರನೇ ದಿನ ನನಗೂ ಒಂದು ಪ್ರತಿ ಬೇಕು ಅಂತ ಅಂಗಡಿ ಅಂಗಡಿ ತಿರುಗಿದೆ. ಒಂದು ಅಂಗಡಿಯವರು ಬಹಳ ಪ್ರೀತಿಯಿಂದಲೇ ಹೇಳಿದರು, "ಪಿಡಿಒ ಪುಸ್ತಕ ಅದಾವ್ರಿ, ಎಫ್‌ಡಿಎ ಅದಾವು, ಪೊಲೀಸ್ ಕಾನ್‌ಸ್ಟೇಬಲ್ ಗೈಡ್ ಅದಾವು. ಕಥಿ ಪುಸ್ತಕ ತರಸಂಗಿಲ್ರೀ ಅಕ್ಕಾರ, ಹಂಗ ಧೂಳ ತಿಂತಾವು." ಅವರ ಮೇಲೆ ನನಗೆ ಬೇಜಾರಿಲ್ಲ. ಅಂಗಡಿ ಬಾಡಿಗೆ ಕಟ್ಟಬೇಕಲ್ವಾ. ಆಮೇಲೆ ಒಂದು ಗ್ರಂಥಾಲಯದಲ್ಲಿ ಕೇಳಿದೆ. ಅಲ್ಲೂ ಇರಲಿಲ್ಲ. ಕಡೆಗೆ ಪುಸ್ತಕದ ಎರಡನೇ ಪುಟದಲ್ಲಿ ಇದ್ದ ಮೊಬೈಲ್ ನಂಬರಿಗೆ ಫೋನ್ ಹಚ್ಚಿದೆ. ಎತ್ತಿದವರು ಪ್ರಕಾಶಕರೇ. ನಾನು ಯಾರು, ಯಾವ ಊರು, ಪುಸ್ತಕ ಹೇಗೆ ಸಿಕ್ಕಿತು ಅಂತೆಲ್ಲ ಕೇಳಿದರು. ವಿಜಯಪುರದಿಂದ ಆ ಪುಸ್ತಕಕ್ಕೆ ಬಂದ ಮೊದಲ ಫೋನು ನನ್ನದು ಅಂದರು. ಪುಸ್ತಕ ಬಂದು ಎರಡು ವರ್ಷ ಆಗಿತ್ತು.

ಈ ಪತ್ರ ಬರೆಯಲು ಕಾರಣ ಆ ಮಾತು.

ಕನ್ನಡ ಪುಸ್ತಕದ ಎರಡನೇ ಪುಟವನ್ನು ಯಾರೂ ಓದುವುದಿಲ್ಲ. ನಾನು ಓದುತ್ತೇನೆ, ಅದು ನನ್ನ ಕಸುಬು. ಮೊದಲ ಮುದ್ರಣ ಯಾವಾಗ, ಪುಟ ಎಷ್ಟು, ಬೆಲೆ ಎಷ್ಟು, ಬಳಸಿದ ಕಾಗದ ಯಾವುದು, 1/8 ಡೆಮಿ ಅಂತ ಪುಸ್ತಕದ ಅಳತೆ, ಮುಖಪುಟ ಮಾಡಿದವರು ಯಾರು, ಮತ್ತು ಪ್ರತಿಗಳು ಎಷ್ಟು. ಸಣ್ಣ ಪ್ರಕಾಶನಗಳ ಪುಸ್ತಕದಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ 1000 ಅಥವಾ 500 ಇರುತ್ತದೆ. ಈಗ ಡಿಜಿಟಲ್ ಪ್ರಿಂಟ್ ಬಂದ ಮೇಲೆ 200, 300 ಕೂಡ ಹಾಕಿಸುತ್ತಾರೆ. ಇಡೀ ಕರ್ನಾಟಕಕ್ಕೆ 500 ಪ್ರತಿ. ಅದರಲ್ಲಿ ಬಿಡುಗಡೆ ದಿನ ನೂರು ಹೋಗುತ್ತವೆ, ಗೆಳೆಯರಿಗೆ, ವಿಮರ್ಶಕರಿಗೆ, ಪತ್ರಿಕೆಗಳಿಗೆ ಐವತ್ತು ಹೋಗುತ್ತವೆ. ಉಳಿದವು ಪ್ರಕಾಶಕರ ಮನೆಯ ಮಂಚದ ಕೆಳಗೆ ಕಟ್ಟು ಕಟ್ಟಾಗಿ ಕೂತಿರುತ್ತವೆ. ಬ್ರೌನ್ ಪೇಪರಿನಲ್ಲಿ ಸುತ್ತಿದ ಅಂಥ ಕಟ್ಟುಗಳನ್ನು ನಾನು ನಮ್ಮ ಊರಲ್ಲೇ ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಮಳೆಗಾಲದಲ್ಲಿ ಗೋಡೆಯ ತೇವ ಹತ್ತಿ ಕೆಳಗಿನ ಕಟ್ಟು ಮೊದಲು ಕೆಡುತ್ತದೆ.

ಲೆಕ್ಕ ಹೇಳುತ್ತೇನೆ, ಯಾಕೆಂದರೆ ಲೆಕ್ಕ ಗೊತ್ತಾಗದೆ ಈ ಕಷ್ಟ ತಿಳಿಯುವುದಿಲ್ಲ. 160 ಪುಟದ ಒಂದು ಪುಸ್ತಕ ತೆಗೆದುಕೊಳ್ಳಿ. ಬೆಲೆ 200 ರೂಪಾಯಿ ಅಂತ ಇಟ್ಟುಕೊಳ್ಳಿ. ಮಾರುವವರ ಕಮಿಷನ್ ನೂರಕ್ಕೆ 40ರ ತನಕ ಹೋಗುತ್ತದೆ, ಅಲ್ಲಿಗೆ 80 ಹೋಯಿತು. ಬರೆದವರಿಗೆ ಗೌರವಧನ ನೂರಕ್ಕೆ 10 ಅಂದರೆ 20. ಉಳಿದ 100 ರೂಪಾಯಿಯಲ್ಲಿ ಕಾಗದ, ಪ್ಲೇಟು, ಪ್ರಿಂಟು, ಬೈಂಡಿಂಗು, ಮುಖಪುಟ, ಡಿಟಿಪಿ, ಕರಡು ತಿದ್ದಿದವರ ಕೂಲಿ, ಕಟ್ಟು ಸಾಗಿಸುವ ಖರ್ಚು ಎಲ್ಲಾ ಬರಬೇಕು. ಅದೂ 500 ಪ್ರತಿ ಪೂರ್ತಿ ಮಾರಿದರೆ ಮಾತ್ರ. ಇದರ ಮೇಲೆ 2024ರ ಡಿಸೆಂಬರಿನಲ್ಲಿ ಅಂಚೆಯವರು ಪುಸ್ತಕಗಳಿಗೆ ಅಗ್ಗದಲ್ಲಿ ಸಿಗುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ನಿಲ್ಲಿಸಿಬಿಟ್ಟರು. ಹಳ್ಳಿಯ ಓದುಗರಿಗೆ ಒಂದೊಂದೇ ಪುಸ್ತಕ ಕಳಿಸುತ್ತಿದ್ದ ಸಣ್ಣ ಪ್ರಕಾಶಕರಿಗೆ ಇದ್ದ ಸೋವಿ ದಾರಿ ಅದು. ಅದೂ ಮುಚ್ಚಿತು.

ಹಾಗಾದರೆ ಈ ಪುಸ್ತಕಗಳನ್ನು ಯಾಕೆ ಮಾಡುತ್ತಾರೆ ಅಂತ ನೀವು ಕೇಳಬಹುದು. ಉತ್ತರ ನಮ್ಮ ಊರಲ್ಲೇ ಇದೆ.

ಫ.ಗು. ಹಳಕಟ್ಟಿಯವರು 1904ರಲ್ಲಿ ವಕೀಲಿಕೆ ಮಾಡಲು ಇಲ್ಲಿಗೆ ಬಂದರು. ಮನೆ ಮನೆ ತಿರುಗಿ ವಚನಗಳ ಓಲೆಗರಿ ಕೂಡಿಸಿದರು. ಅವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಒಂದು ಪ್ರೆಸ್ಸಿನಲ್ಲಿ ಅಚ್ಚಾಯಿತು. ಮುಂದಿನದಕ್ಕೆ ಬೇರೆಯವರ ಮುಖ ನೋಡುತ್ತಾ ಕೂರುವುದು ಬೇಡ ಅಂತ 1925ರಲ್ಲಿ ಇದ್ದ ಮನೆ ಮಾರಿ ಇಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ. ಇವತ್ತು ಬಸವಣ್ಣನ ವಚನ ಮಕ್ಕಳ ಬಾಯಲ್ಲಿ ಇದೆ ಅಂದರೆ ಅದರ ಹಿಂದೆ ಈ ಒಂದು ಸಣ್ಣ ಪ್ರೆಸ್ಸಿನ ದುಡಿಮೆ ಇದೆ. ಮೊಳೆ ಜೋಡಿಸುವವರು ಎಷ್ಟು ಜನ ಇದ್ದರೋ, ಎಷ್ಟು ರಾತ್ರಿ ಕಂದೀಲಿನ ಬೆಳಕಲ್ಲಿ ಕರಡು ತಿದ್ದಿದರೋ ಅಂತ ನಾನು ಆಗಾಗ ನೆನೆಯುತ್ತೇನೆ. ಅದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಬೀಸುಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುವ ತ್ರಿಪದಿಗಳನ್ನು ಬರೆದುಕೊಂಡು ಪುಸ್ತಕ ಮಾಡಿದರು. ಗರತಿಯ ಹಾಡು 1931ರಲ್ಲಿ ಬಂತು. ಇವರ್‍ಯಾರೂ ಮಾರಾಟದ ಲೆಕ್ಕ ಹಾಕಿ ಶುರು ಮಾಡಿದವರಲ್ಲ.

ಇಂಥ ಊರಲ್ಲಿ ಇವತ್ತಿನ ಒಂದು ಸಣ್ಣ ಪ್ರಕಾಶನದ ಪುಸ್ತಕಕ್ಕೆ ಎರಡು ವರ್ಷ ಯಾರೂ ಫೋನ್ ಮಾಡಲಿಲ್ಲ. ಓದುವವರಿಲ್ಲ ಅಂತ ಅಲ್ಲ. ಗೊತ್ತೇ ಇರಲಿಲ್ಲ. ನನಗೂ ಗೊತ್ತಿರಲಿಲ್ಲ, ಯಾರೋ ಅಳತೆಗೆ ಅಂತ ತಂದಿಟ್ಟಿದ್ದರಿಂದ ಸಿಕ್ಕಿತು.

ಹೊಸ ಬರಹಗಾರರು ನಮಗೆ ಹೇಗೆ ಸಿಗುತ್ತಾರೆ ಅಂತ ನಾನು ಈ ನಾಲ್ಕು ವರ್ಷ ಬಹಳ ಯೋಚಿಸಿದ್ದೇನೆ. ಹೆಸರಾದವರನ್ನು ಹೆಸರು ನೋಡಿ ಕೊಳ್ಳುತ್ತೇವೆ. ಹೆಸರೇ ಗೊತ್ತಿಲ್ಲದವರನ್ನು ಏನು ನೋಡಿ ಕೊಳ್ಳಬೇಕು? ನನಗೆ ಹೊಳೆದ ಉತ್ತರ ಒಂದೇ, ಪ್ರಕಾಶನದ ಹೆಸರು ನೋಡಬೇಕು. ಕಿರಾಣಿ ಅಂಗಡಿಯವನನ್ನು ನಂಬಿ ಗೊತ್ತಿಲ್ಲದ ಬ್ರ್ಯಾಂಡಿನ ಚಹಾಪುಡಿ ತರುವುದಿಲ್ಲವೇ, ಹಾಗೆ. ಒಳ್ಳೆಯ ಸಣ್ಣ ಪ್ರಕಾಶಕರು ವರ್ಷಕ್ಕೆ ಆರೋ ಎಂಟೋ ಪುಸ್ತಕ ಮಾಡುತ್ತಾರೆ. ಪ್ರತಿಯೊಂದನ್ನೂ ಅವರೇ ಓದಿರುತ್ತಾರೆ. ಅವರ ಒಂದು ಪುಸ್ತಕ ಮನಸ್ಸಿಗೆ ಹಿಡಿಸಿದರೆ ಇನ್ನೊಂದೂ ಹಿಡಿಸುವ ಸಾಧ್ಯತೆ ಜಾಸ್ತಿ.

ಇದು ನಮ್ಮ ಕಡೆಯವರಿಗೆ ಹೊಸದಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಯಿತು. ಕಟ್ಟಿದವರು ಜಿ.ಬಿ. ಜೋಶಿ. ಸುಭಾಸ ರಸ್ತೆಯ ಒಂದು ಅಟ್ಟದ ಮೇಲೆ ಅದರ ಆಫೀಸು, ಇವತ್ತಿಗೂ ಎಲ್ಲರೂ ಅದನ್ನು ಅಟ್ಟ ಅಂತಲೇ ಕರೆಯುತ್ತಾರೆ. ಓದುಗರು ಮೊದಲೇ ಚಂದಾ ಕಟ್ಟುತ್ತಿದ್ದರು, ಪುಸ್ತಕಗಳು ಮನೆಗೆ ಬರುತ್ತಿದ್ದವು. ಯಾವ ಪುಸ್ತಕ ಅಂತ ಆರಿಸುವ ಕೆಲಸ ಅಟ್ಟದವರದು, ನಂಬುವ ಕೆಲಸ ಚಂದಾದಾರರದು. 1961ರಲ್ಲಿ ಗಿರೀಶ ಕಾರ್ನಾಡರ ಮೊದಲ ನಾಟಕ ಬಂದದ್ದು ಅಲ್ಲಿಂದ. ಆಗ ಅವರಿಗೆ 23ರ ಆಸುಪಾಸು. ಆ ಹುಡುಗ ಯಾರು ಅಂತ ಓದುಗರಿಗೆ ಎಲ್ಲಿ ಗೊತ್ತಿತ್ತು? ಅಟ್ಟದ ಮೇಲಿನ ನಂಬಿಕೆಯಿಂದ ಅವನ ಪುಸ್ತಕ ಬಿಚ್ಚಿದರು.

ಈಗ ದೂರದ ಇನ್ನೊಂದು ಉದಾಹರಣೆ ನೋಡಿ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಇಂಗ್ಲಿಷಿಗೆ ತಂದವರು ಕೊಡಗಿನ ದೀಪಾ ಭಾಸ್ತಿ. ಆ ದಿನ ನಮ್ಮ ಪ್ರೆಸ್ಸಿನಲ್ಲಿ ಪೇಢಾ ಹಂಚಿದೆವು. ಆದರೆ ಅದನ್ನು ಅಲ್ಲಿ ಪ್ರಕಟಿಸಿದವರು ಯಾರು ಅಂತ ನಮ್ಮಲ್ಲಿ ಜಾಸ್ತಿ ಜನ ಮಾತಾಡಲಿಲ್ಲ. ಇಂಗ್ಲೆಂಡಿನ ಶೆಫೀಲ್ಡ್ ಅನ್ನುವ ಊರಿನ ಆ್ಯಂಡ್ ಅದರ್ ಸ್ಟೋರೀಸ್ ಅನ್ನುವ ಸಣ್ಣ ಪ್ರಕಾಶನ ಅದು. ಲಂಡನ್ನಿನ ದೊಡ್ಡ ಕಂಪನಿ ಅಲ್ಲ. ಅವರಿಗೂ ಚಂದಾದಾರರಿದ್ದಾರೆ. ಮೊದಲೇ ದುಡ್ಡು ಕಟ್ಟಿದ ಓದುಗರ ಹೆಸರುಗಳನ್ನು ಪುಸ್ತಕದ ಕೊನೆಯ ಪುಟಗಳಲ್ಲಿ ಅಚ್ಚು ಹಾಕುತ್ತಾರೆ. ಕನ್ನಡದ ಹೆಸರನ್ನೇ ಕೇಳದ ಎಷ್ಟೋ ಜನರ ಮನೆಗೆ ಹಾಸನದ ಹೆಣ್ಣುಮಕ್ಕಳ ಕಥೆ ಹಾಗೆ ಹೋಗಿ ತಲುಪಿತು. 2022ರಲ್ಲಿ ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿಗೆ ಅದೇ ಪ್ರಶಸ್ತಿ ಬಂದಾಗಲೂ ಇಂಗ್ಲಿಷಿನಲ್ಲಿ ಅದನ್ನು ತಂದದ್ದು ಟಿಲ್ಟೆಡ್ ಆ್ಯಕ್ಸಿಸ್ ಅನ್ನುವ ಸಣ್ಣ ಪ್ರಕಾಶನವೇ. ನಮ್ಮ ಅಟ್ಟದವರು 1933ರಲ್ಲಿ ಹಿಡಿದ ದಾರಿಯನ್ನೇ ಇಂಗ್ಲೆಂಡಿನವರು ಈಗ ಹಿಡಿದಿದ್ದಾರೆ ಅಂತ ತಿಳಿದಾಗ ನನಗೆ ಎದೆ ತುಂಬಿ ಬಂತು.

ಈಗ ನನ್ನ ಬೇಡಿಕೆ.

ಜಿಲ್ಲೆಯ ಪ್ರತಿ ಗ್ರಂಥಾಲಯದಲ್ಲಿ ಒಂದೇ ಒಂದು ಕಪಾಟನ್ನು ಸಣ್ಣ ಪ್ರಕಾಶನಗಳಿಗೆ ಬಿಟ್ಟುಕೊಡಿ. ಅದರಲ್ಲಿ ಕಳೆದ ಮೂರು ವರ್ಷದಲ್ಲಿ ಬಂದ ಪುಸ್ತಕ ಮಾತ್ರ ಇರಲಿ. ಮತ್ತು ಆ ಒಂದು ಕಪಾಟಿನಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ, ಲೇಖಕರ ಹೆಸರಿನ ಪ್ರಕಾರ ಜೋಡಿಸಬೇಡಿ. ಪ್ರಕಾಶನದ ಪ್ರಕಾರ ಜೋಡಿಸಿ. ಕಪಾಟಿನ ಒಂದು ಅರೆಯಲ್ಲಿ ಗದುಗಿನ ಲಡಾಯಿ ಪ್ರಕಾಶನ. ಒಂದರಲ್ಲಿ ಬೆಂಗಳೂರಿನ ಛಂದ ಪುಸ್ತಕ. ಅವರು ಹೊಸ ಕಥೆಗಾರರಿಗಾಗಿ ಹಸ್ತಪ್ರತಿ ಸ್ಪರ್ಧೆ ಮಾಡಿ ಮೊದಲ ಸಂಕಲನ ತರುತ್ತಾ ಬಂದಿದ್ದಾರೆ. ಒಂದರಲ್ಲಿ ಶಿವಮೊಗ್ಗದ ಅಹರ್ನಿಶಿ, ಹೊನ್ನಾವರ ಕಡೆಯ ಕವಲಕ್ಕಿಯ ಕವಿ ಪ್ರಕಾಶನ, ಹೆಗ್ಗೋಡಿನ ಅಕ್ಷರ. ಕೆಳಗಿನ ಅರೆ ಪೂರ್ತಿ ನಮ್ಮ ಜಿಲ್ಲೆ, ಬಾಗಲಕೋಟೆ, ಬೆಳಗಾವಿಯಿಂದ ಬರುವ ಪುಸ್ತಕಗಳಿಗೆ. ಹೆಗ್ಗೋಡು ಒಂದು ಹಳ್ಳಿ, ಕವಲಕ್ಕಿಯೂ ಹಳ್ಳಿ. ಅಲ್ಲಿಂದ ಇಷ್ಟು ವರ್ಷ ಪುಸ್ತಕ ಬರುತ್ತಿವೆ ಅಂತ ನಮ್ಮ ಇಂಡಿ, ಸಿಂದಗಿಯ ಹುಡುಗರಿಗೆ ಗೊತ್ತಾದರೆ ಏನಾಗಬಹುದು ಯೋಚಿಸಿ.

ಹೀಗೆ ಜೋಡಿಸಿದರೆ ಒಬ್ಬ ಓದುಗ ಒಂದು ಪುಸ್ತಕ ತೆಗೆದುಕೊಂಡು ಹೋಗಿ ಖುಷಿಪಟ್ಟರೆ, ವಾಪಸ್ ಇಡಲು ಬಂದಾಗ ಅದರ ಪಕ್ಕದಲ್ಲೇ ಅದರ ಅಕ್ಕತಂಗಿಯರು ಇರುತ್ತಾರೆ. ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಈಗ ಹಾಗಾಗುವುದಿಲ್ಲ. ಹೊಸ ಹುಡುಗಿಯ ಮೊದಲ ಕಥಾಸಂಕಲನ ದೊಡ್ಡವರ ಸಮಗ್ರ ಸಂಪುಟಗಳ ನಡುವೆ ಸಿಕ್ಕಿಕೊಂಡು ಬೆನ್ನೂ ಕಾಣದೆ ನಿಂತಿರುತ್ತದೆ. ತೆಳುವಾದ ಪುಸ್ತಕ ಬೇರೆ. ಬೆನ್ನಿನ ಮೇಲೆ ಹೆಸರು ಹಾಕಲೂ ಜಾಗ ಇರುವುದಿಲ್ಲ.

ಕಪಾಟನ್ನು ಎಲ್ಲಿ ಇಡಬೇಕು ಅನ್ನುವುದೂ ಮುಖ್ಯ. ಒಳಗಿನ ಕತ್ತಲೆ ಕೋಣೆಯಲ್ಲಿ ಬೇಡ. ಪೇಪರ್ ಓದುವ ಮೇಜಿನ ಪಕ್ಕ ಇಡಿ. ಯಾಕೆ ಅಂದರೆ ನಮ್ಮ ಊರಿನ ಓದುವ ಕೋಣೆಗಳಲ್ಲಿ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಬಂದು ಕೂರುವವರು ಸ್ಪರ್ಧಾತ್ಮಕ ಪರೀಕ್ಷೆಯ ಮಕ್ಕಳು. ಹಳ್ಳಿಯಿಂದ ಬಂದು ರೂಮು ಮಾಡಿಕೊಂಡು, ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದು, ಎಂಟು ತಾಸು ಹತ್ತು ತಾಸು ಕೂತು ಓದುತ್ತಾರೆ. ಇವರು ಓದುವವರಲ್ಲ ಅಂತ ಯಾರು ಹೇಳಿದರು? ಇವರಷ್ಟು ಓದುವವರು ಈ ಜಿಲ್ಲೆಯಲ್ಲೇ ಇಲ್ಲ. ಮಧ್ಯಾಹ್ನ ತಲೆ ಭಾರ ಆದಾಗ ಮೊಬೈಲ್ ತೆಗೆಯುತ್ತಾರೆ. ಆ ಹತ್ತು ನಿಮಿಷಕ್ಕೆ ಕೈಗೆ ಸಿಗುವ ದೂರದಲ್ಲಿ ಎಂಟು ಪುಟದ ಒಂದು ಕಥೆ ಇರಲಿ. ಬರೆದವರು ಅವರ ವಯಸ್ಸಿನವರೇ, ಅವರ ಹಾಗೆಯೇ ಹಳ್ಳಿ ಬಿಟ್ಟು ಬಂದವರು. ನಮ್ಮ ಪ್ರೆಸ್ಸಿಗೆ ಹಾಲ್ ಟಿಕೆಟ್ ಪ್ರಿಂಟ್ ತೆಗೆಸಲು ಬಂದ ಒಬ್ಬ ಹುಡುಗನಿಗೆ ನಾನು ಹೀಗೇ ಒಂದು ಕಥೆ ಓದಲು ಕೊಟ್ಟೆ. ನಿಂತುಕೊಂಡೇ ಓದಿದ. "ಅಕ್ಕಾ, ಇದು ನಮ್ಮ ಅಪ್ಪನ ಕಥೀನ" ಅಂದ. ಆಮೇಲೆ ತಿಂಗಳಿಗೆ ಒಂದು ಸಲ ಪುಸ್ತಕ ಒಯ್ಯಲು ಬರುತ್ತಿದ್ದ. ಈಗ ಅವನಿಗೆ ನೌಕರಿ ಸಿಕ್ಕಿದೆ, ಬೇರೆ ಜಿಲ್ಲೆಯಲ್ಲಿ ಇದ್ದಾನೆ, ಪುಸ್ತಕದ ದುಡ್ಡು ಫೋನ್‌ಪೇ ಮಾಡಿ ತರಿಸಿಕೊಳ್ಳುತ್ತಾನೆ.

ದುಡ್ಡಿನ ಮಾತು ಬಂದೇ ಬರುತ್ತದೆ. ನಮ್ಮ ಮನೆಯ ತೆರಿಗೆ ರಸೀದಿ ತೆಗೆದು ನೋಡಿದರೆ ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇದೆ. 1965ರ ಕಾಯ್ದೆಯ ಪ್ರಕಾರ ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. ಮನೆಗೆ 2000 ತೆರಿಗೆ ಕಟ್ಟುವವರು 120 ರೂಪಾಯಿ ಪುಸ್ತಕದ ಹೆಸರಲ್ಲಿ ಕಟ್ಟುತ್ತಾರೆ. ಅಂದರೆ ನಾವೆಲ್ಲ ಆಗಲೇ ಚಂದಾದಾರರು. ಅಟ್ಟದ ಚಂದಾದಾರರಿಗೆ ಪುಸ್ತಕ ಮನೆಗೆ ಬರುತ್ತಿತ್ತು. ನಾವು ಕೇಳುವುದು ಗ್ರಂಥಾಲಯಕ್ಕಾದರೂ ಬರಲಿ ಅಂತ. ರಾಜ್ಯ ಮಟ್ಟದ ಆಯ್ಕೆ ಸಮಿತಿ ಇದೆ, ಪುಟಕ್ಕೆ ಇಷ್ಟು ಅಂತ ದರ ಇದೆ, ಎಲ್ಲ ಗೊತ್ತು. ಆ ದಾರಿಯಲ್ಲಿ ಖರೀದಿ ತಡವಾಗುತ್ತದೆ ಅಂತ ಪ್ರಕಾಶಕರು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ದೊಡ್ಡವರು ತಡೆದುಕೊಳ್ಳುತ್ತಾರೆ. 500 ಪ್ರತಿ ಹಾಕಿಸಿದವರು ತಡೆದುಕೊಳ್ಳಲಾರರು, ಮುಂದಿನ ಪುಸ್ತಕದ ಕಾಗದಕ್ಕೆ ಅವರಿಗೆ ಆ ದುಡ್ಡೇ ಬೇಕು. ಅದಕ್ಕೇ ನನ್ನ ಬೇಡಿಕೆ ಇಷ್ಟು ಸಣ್ಣದು. ಒಂದು ಕಪಾಟಿಗೆ 150 ಪುಸ್ತಕ, ಒಂದಕ್ಕೆ 200 ಅಂದರೂ 30,000 ರೂಪಾಯಿ. ಒಂದು ಊರಿನ ಸತ್ಕಾರ ಸಮಾರಂಭದ ಹಾರ, ಶಾಲು, ಫ್ಲೆಕ್ಸಿಗೆ ಎಷ್ಟು ಆಗುತ್ತದೆ ಅಂತ ನನಗೆ ಗೊತ್ತು. ಫ್ಲೆಕ್ಸಿನ ಡಿಸೈನ್ ಮಾಡುವವಳು ನಾನೇ.

ಹಳ್ಳಿಯ ಗ್ರಂಥಾಲಯಗಳು 2019ರಿಂದ ಪಂಚಾಯತ್ ರಾಜ್ ಇಲಾಖೆಯ ಕಡೆಗೆ ಬಂದಿವೆ. ರಾಜ್ಯದಲ್ಲಿ ಅಂಥವು 5 ಸಾವಿರಕ್ಕೂ ಜಾಸ್ತಿ. 2020ರಲ್ಲಿ ಓದುವ ಬೆಳಕು ಅನ್ನುವ ಸರ್ಕಾರದ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಇದು ನಿಜಕ್ಕೂ ಒಳ್ಳೆಯ ಕೆಲಸ. ಅರಿವು ಕೇಂದ್ರ ನೋಡಿಕೊಳ್ಳುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲಿ ಇಡೀ ಕಪಾಟಿಗೆ ಜಾಗ ಇಲ್ಲದಿದ್ದರೆ ಒಂದು ಅರೆ ಸಾಕು. ನಿಮ್ಮ ಊರಿನಲ್ಲೇ ಪುಸ್ತಕ ಬರೆದವರು ಇದ್ದರೆ ಅವರ ಮನೆಯ ಮಂಚದ ಕೆಳಗಿನ ಕಟ್ಟನ್ನು ಮೊದಲು ಬಿಚ್ಚಿಸಿ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಸಣ್ಣ ಪ್ರಕಾಶನ ಅಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ಬರೆದವರ ಹತ್ತಿರವೇ ದುಡ್ಡು ತೆಗೆದುಕೊಂಡು, ಒಂದು ಸಲವೂ ಓದದೆ, ಬಂದದ್ದನ್ನು ಬಂದ ಹಾಗೆ ಅಚ್ಚು ಹಾಕಿ ಕೊಡುವವರು ಇದ್ದಾರೆ. ಅಂಥ ಫೈಲುಗಳು ನನ್ನ ಕಂಪ್ಯೂಟರಿಗೆ ಬಂದಿವೆ. ಅಕಾರ ಹಕಾರ ಅದಲು ಬದಲು, ಒಂದೇ ಕವಿತೆ ಎರಡು ಕಡೆ, ಪರಿವಿಡಿಯ ಪುಟಸಂಖ್ಯೆ ತಪ್ಪು. ತಿದ್ದಿಕೊಡಲೇ ಅಂತ ಕೇಳಿದರೆ "ಟೈಮ್ ಇಲ್ರೀ, ಐತವಾರ ಬಿಡುಗಡಿ ಐತಿ" ಅನ್ನುತ್ತಾರೆ. ಇದರಿಂದ ಬರೆದವರಿಗೆ ಆಗುವ ನಷ್ಟ ದೊಡ್ಡದು. ಯಾರಾದರೂ ಒಬ್ಬರು ಕೂತು, ಈ ಕಥೆ ಇಲ್ಲಿಗೆ ಮುಗೀತು, ಮುಂದಿನ ಎರಡು ಪುಟ ಬೇಡ ಅಂತ ಹೇಳಿದ್ದರೆ ಅವರು ಎಷ್ಟೋ ಚೆನ್ನಾಗಿ ಬರೆಯುತ್ತಿದ್ದರು. ಹಾಗಾಗಿ ಕಪಾಟಿಗೆ ಪುಸ್ತಕ ಆರಿಸುವಾಗ ಕಣ್ಣು ಮುಚ್ಚಿ ಆರಿಸಬೇಡಿ. ಒಂದು ಪ್ರಕಾಶನದ ನಾಲ್ಕೈದು ಪುಸ್ತಕ ತರಿಸಿ, ಪ್ರತಿಯೊಂದರ ಮಧ್ಯದಿಂದ ಎರಡು ಪುಟ ಓದಿ. ಮೊದಲ ಪುಟವನ್ನು ಎಲ್ಲರೂ ಮುತುವರ್ಜಿಯಿಂದ ಬರೆದಿರುತ್ತಾರೆ, ಮಧ್ಯದ ಪುಟದಲ್ಲಿ ನಿಜ ಗೊತ್ತಾಗುತ್ತದೆ. ಆರಿಸುವ ಕೆಲಸದಲ್ಲಿ ಒಬ್ಬರಾದರೂ ನಿತ್ಯ ಗ್ರಂಥಾಲಯಕ್ಕೆ ಬರುವ ಓದುಗರು ಇರಲಿ, ಮತ್ತು ಅವರಲ್ಲಿ ಒಬ್ಬ ಹೆಣ್ಣುಮಗಳು ಇರಲಿ.

ಓದುಗರಿಗೆ ಒಂದು ಮಾತು. ಇಷ್ಟವಾದ ಪುಸ್ತಕ ಮುಗಿಸಿದ ಮೇಲೆ ಕೊನೆಯ ಪುಟ ತಿರುವಿ. ಅಲ್ಲಿ ನಮ್ಮ ಇತರ ಪ್ರಕಟಣೆಗಳು ಅಂತ ಒಂದು ಪಟ್ಟಿ ಇರುತ್ತದೆ. ನಾನು ಈಗ ಓದುವ ಅರ್ಧಕ್ಕರ್ಧ ಬರಹಗಾರರು ನನಗೆ ಸಿಕ್ಕಿದ್ದು ಆ ಪಟ್ಟಿಗಳಲ್ಲಿ. ಅದರಲ್ಲಿ ಕೇಳದ ಹೆಸರಿಗೆ ಒಂದು ಗೆರೆ ಎಳೆದು, ಎರಡನೇ ಪುಟದ ನಂಬರಿಗೆ ಫೋನ್ ಮಾಡಿ. ನೇರವಾಗಿ ತರಿಸಿಕೊಂಡರೆ ಆ ಕಮಿಷನ್ನಿನ 80 ರೂಪಾಯಿ ಪ್ರಕಾಶಕರ ಕೈಯಲ್ಲಿ ಉಳಿಯುತ್ತದೆ, ಅಂಚೆ ಖರ್ಚನ್ನು ಅದರಲ್ಲೇ ಹಾಕಿಕೊಂಡು ಕಳಿಸುವವರೂ ಇದ್ದಾರೆ. ಮತ್ತು ಅವರ ಜೊತೆ ಮಾತಾಡಿ. ಯಾವ ಕಥೆ ಹಿಡಿಸಿತು, ಯಾವುದು ಹಿಡಿಸಲಿಲ್ಲ ಅಂತ ಹೇಳಿ. ನನ್ನ ಆ ಮೊದಲ ಫೋನಿನಲ್ಲಿ ಪ್ರಕಾಶಕರು ಅರ್ಧ ತಾಸು ಮಾತಾಡಿದರು. ನಾನು ಹೇಳಿದ್ದನ್ನು ಬರೆದವರಿಗೂ ತಿಳಿಸಿದರು. ಮೂರು ದಿನ ಬಿಟ್ಟು ಆ ಲೇಖಕರೇ ಫೋನ್ ಮಾಡಿದರು. ನಾಲ್ಕನೇ ಕಥೆಯ ಕೊನೆ ನನಗೆ ಒಪ್ಪಿಗೆಯಾಗಿರಲಿಲ್ಲ ಅಂತ ಅವರಿಗೂ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಇನ್ನು ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬರುತ್ತದೆ. ಬಳೆ, ಬೆಂಡು ಬತ್ತಾಸು, ಆಟದ ಸಾಮಾನು, ದನದ ಜಾತ್ರೆ ಎಲ್ಲ ಇರುತ್ತದೆ. ಜಾತ್ರೆ ನಡೆಸುವ ಹಿರಿಯರಲ್ಲಿ ಕೈ ಮುಗಿದು ಕೇಳುತ್ತೇನೆ, ಹತ್ತು ಸಣ್ಣ ಪ್ರಕಾಶನಗಳು ಕೂಡಿ ಹಾಕುವ ಒಂದು ಪುಸ್ತಕದ ಮಳಿಗೆಗೆ ಬಾಡಿಗೆ ಇಲ್ಲದೆ ಜಾಗ ಕೊಡಿ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನಮ್ಮ ಮಂದಿ ಪುಸ್ತಕದ ಅಂಗಡಿಗೆ ಹುಡುಕಿಕೊಂಡು ಹೋಗುವುದು ಕಡಿಮೆ, ಜಾತ್ರೆಗೆ ಮಾತ್ರ ಬಂದೇ ಬರುತ್ತಾರೆ. ಪ್ರವಚನಕ್ಕೆ ಬಂದವರು ಹೊರಡುವಾಗ ಪಕ್ಕದ ಮೇಜಿನಿಂದ ಒಂದು ಪುಸ್ತಕ ಕೊಂಡು, ಸೀರೆಯ ಸೆರಗಲ್ಲಿ ಒರೆಸಿ ಚೀಲದಲ್ಲಿ ಇಟ್ಟುಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಣ್ಣಿಗೆ ಬಿದ್ದರೆ ಕೊಳ್ಳುತ್ತಾರೆ.

ನನ್ನಿಂದ ಆಗುವುದನ್ನೂ ಹೇಳಿಬಿಡುತ್ತೇನೆ. ಯಾವ ಗ್ರಂಥಾಲಯ ಮೊದಲು ಕಪಾಟು ಬಿಟ್ಟುಕೊಡುತ್ತದೋ ಅಲ್ಲಿಗೆ ಪ್ರಕಾಶನಗಳ ಹೆಸರಿನ ಪಟ್ಟಿಗಳನ್ನು ನಾನೇ ಮಾಡಿ, ಲ್ಯಾಮಿನೇಷನ್ ಮಾಡಿಸಿ ತಂದು ಅಂಟಿಸುತ್ತೇನೆ. ತೆಳು ಪುಸ್ತಕಗಳ ಬೆನ್ನಿಗೆ ಹೆಸರಿನ ಚೀಟಿ ಹಾಕಿಕೊಡುತ್ತೇನೆ. ಪ್ರಕಾಶಕರ ವಿಳಾಸ, ಪುಸ್ತಕಗಳ ಹೆಸರು, ಬೆಲೆ ಎಲ್ಲ ಸೇರಿಸಿ ಒಂದು ಪಟ್ಟಿ ಟೈಪ್ ಮಾಡುತ್ತಿದ್ದೇನೆ, ಇಲ್ಲಿಯವರೆಗೆ 41 ಪ್ರಕಾಶನ ಆಗಿವೆ. ಯಾರಿಗೆ ಬೇಕಾದರೂ ಪ್ರಿಂಟ್ ಕೊಡುತ್ತೇನೆ. ಐತವಾರ ನಮ್ಮ ಪ್ರೆಸ್ಸಿಗೆ ರಜೆ, ಬೆಳಿಗ್ಗೆ ಹತ್ತರಿಂದ ನಾನು ಖಾಲಿ ಇರುತ್ತೇನೆ. ಆ ದ್ರಾಕ್ಷಿ ತೋಟದ ಕಥೆಯ ಪುಸ್ತಕದ ಎರಡು ಪ್ರತಿ ನನ್ನ ಹತ್ತಿರ ಇವೆ. ಒಂದನ್ನು ಕಪಾಟಿಗೆ ಅಂತ ತೆಗೆದಿಟ್ಟಿದ್ದೇನೆ.

ಇಂತಿ ನಿಮ್ಮ ಊರಿನ,
ಒಬ್ಬ ಡಿಟಿಪಿ ಕೆಲಸದವಳು
ವಿಜಯಪುರ